ಗೂಡು ಒಪ್ಪದೆ ಯಂತ್ರ ತಿರುಗದು

ರಾಮನಗರ, ಶಿಡ್ಲಘಟ್ಟದಂಥ ರೇಷ್ಮೆ ಪಟ್ಟಣಗಳಲ್ಲಿ ಸ್ವಯಂಚಾಲಿತ ನೂಲು ಬಿಚ್ಚಾಣಿಕೆ ಯಂತ್ರ ನೆಲೆಯೂರಿ ಹೆಚ್ಚು ಕಾಲವಾಗಿಲ್ಲ. ಕಸುಬಿನವರು ‘ಎಆರ್‌ಎಂ’ ಎಂದು ಕರೆಯುವ ಈ ಯಂತ್ರಗಳು ಚೀನಾದಿಂದ ಬಂದು ಇಲ್ಲಿ ಹರಡಿದ್ದು 2010ರ ದಶಕದಲ್ಲಿ. ಉದ್ದನೆಯ ಒಂದೇ ಸಾಲಿನಲ್ಲಿ 200 ಅಥವಾ 400 ನೂಲುಗಳನ್ನು ಒಟ್ಟಿಗೆ ಸುತ್ತುವ ಇವು, ಎಳೆ ಮುಗಿದ ಗೂಡಿನ ಜಾಗಕ್ಕೆ ಹೊಸ ಗೂಡನ್ನು ತಾವೇ ತಂದು ಹಾಕುತ್ತವೆ. ಜಪಾನ್ ಇದೇ ಬಗೆಯ ಯಂತ್ರಗಳನ್ನು 1950ರ ದಶಕದಲ್ಲೇ ಕಾರ್ಖಾನೆಗೆ ಇಳಿಸಿತ್ತು. ಭಾರತದ ರೇಷ್ಮೆಯ ತವರೆನಿಸಿದ ಮೈಸೂರು ಸೀಮೆ ಅದಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾಯಬೇಕಾಯಿತೇಕೆ? ಕೂಲಿ ಅಗ್ಗವಾಗಿತ್ತು, ನೂಲು ತೆಗೆಯುವ ರೀಲರ್‌ಗಳ ಬಳಿ ಬಂಡವಾಳವಿರಲಿಲ್ಲ, ಸರ್ಕಾರ ನಿದ್ದೆ ಮಾಡಿತು ಎಂಬ ಮೂರು ಉತ್ತರಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಮೂರರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಈ ಕಸುಬಿನ ಇನ್ನೂರು ಚಿಲ್ಲರೆ ವರ್ಷಗಳ ಚರಿತ್ರೆಯನ್ನು ಸಾವಧಾನವಾಗಿ ನೋಡಿದರೆ ಮುಖ್ಯ ಕಾರಣ ಬೇರೆಯೇ ಕಾಣುತ್ತದೆ. ಯಂತ್ರ ಒಪ್ಪುವಂಥ ಗೂಡು ಇಲ್ಲಿ ಇರಲಿಲ್ಲ. ನೂಲು ತೆಗೆಯುವ ಮನೆಯಲ್ಲಿ ಯಂತ್ರ ತಾನಾಗಿ ತಿರುಗಬೇಕಾದರೆ ಮೊದಲು ಹುಳು, ಸೊಪ್ಪು, ಹುಳುಮನೆ ಎಲ್ಲವೂ ಬದಲಾಗಬೇಕಿತ್ತು. ಸ್ವಯಂಚಾಲನೆಯ ಕೆಲಸ ಶುರುವಾಗಿದ್ದು ರೈತನ ಮನೆಯಲ್ಲಿ, ಅದರ ವೆಚ್ಚದ ದೊಡ್ಡ ಪಾಲು ಬಿದ್ದದ್ದೂ ಅಲ್ಲಿಯೇ ಎಂಬುದು ಈ ಲೇಖನದ ವಾದ.

ಇದನ್ನು ತಿಳಿಯಲು ಗೂಡಿನಿಂದ ಕೈಯಲ್ಲೇ ನೂಲು ತೆಗೆಯುವ ಚರಕದ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು. ಮಣ್ಣಿನ ಒಲೆಯ ಮೇಲೆ ಅಗಲವಾದ ಬಾಣಲೆ, ಅದರಲ್ಲಿ ಕುದಿಯುವ ನೀರು, ನೀರಿನಲ್ಲಿ ಉರುಳಾಡುವ ಗೂಡುಗಳು. ರೇಷ್ಮೆ ಎಳೆಯನ್ನು ಗೂಡಿಗೆ ಅಂಟಿಸಿರುವ ಗೋಂದು ಬಿಸಿನೀರಿಗೆ ಮೆತ್ತಗಾಗುತ್ತದೆ. ಬಾಣಲೆಯ ಪಕ್ಕ ಕುಳಿತವರು ಕಡ್ಡಿಯಿಂದ ಗೂಡುಗಳನ್ನು ತಡವಿ ಎಳೆಯ ತುದಿ ಹಿಡಿಯುತ್ತಾರೆ. ಏಳೆಂಟು ಗೂಡಿನ ತುದಿಗಳನ್ನು ಕೂಡಿಸಿ ಒಂದು ನೂಲು ಮಾಡಿ ಕಣ್ಣಿಯೊಳಗೆ ಹಾಯಿಸುತ್ತಾರೆ. ಹಿಂದೆ ನಿಂತ ಇನ್ನೊಬ್ಬರು ದೊಡ್ಡ ಚಕ್ರವನ್ನು ಕೈಯಿಂದ ತಿರುಗಿಸುತ್ತಾರೆ. ಬೇಯಿಸುವುದೂ ಬಿಚ್ಚುವುದೂ ಒಂದೇ ಬಾಣಲೆಯಲ್ಲಿ ಆಗುವುದರಿಂದ ಸತ್ತ ಹುಳುಗಳ ಕೊಳೆಗೆ ನೀರು ಬೇಗ ಕಂದುಗಟ್ಟಿ ನೂಲಿನ ಬಣ್ಣ ಕೆಡುತ್ತದೆ. ಒಂದು ಗೂಡಿನ ಎಳೆ ಮುಗಿಯಿತೋ, ನಡುವೆ ತುಂಡಾಯಿತೋ, ತಕ್ಷಣ ಇನ್ನೊಂದರ ತುದಿಯನ್ನು ಓಡುತ್ತಿರುವ ನೂಲಿಗೆ ಎಸೆಯಬೇಕು. ಎಸೆತ ತಡವಾದರೆ ನೂಲು ಅಲ್ಲಿ ಸಣಕಲಾಗುತ್ತದೆ. ಎರಡು ಒಟ್ಟಿಗೆ ಬಿದ್ದರೆ ದಪ್ಪವಾಗುತ್ತದೆ. ಕಸುಬಿನ ಜಾಣ್ಮೆಯೆಲ್ಲ ಈ ಎಸೆತದಲ್ಲಿದೆ. ನೂಲು ಎಲ್ಲಿ ತೆಳುವಾಗುತ್ತಿದೆ, ಯಾವ ಗೂಡು ಇನ್ನೇನು ಮುಗಿಯಲಿದೆ ಎಂಬುದನ್ನು ಕಣ್ಣು ಹೇಳುತ್ತದೆ, ಕೈ ಅದಕ್ಕೆ ಓಗೊಡುತ್ತದೆ.

ಮೈಸೂರಿನ ನಾಡತಳಿಯ ಗೂಡು ಈ ಕಣ್ಣು-ಕೈಗಳನ್ನು ಎಷ್ಟು ದುಡಿಸುತ್ತಿತ್ತು ಎಂಬುದು ಒಂದು ಸರಳ ಲೆಕ್ಕದಿಂದ ತಿಳಿಯುತ್ತದೆ. ಹಸಿರು ಮಿಶ್ರಿತ ಹಳದಿ ಬಣ್ಣದ, ಎರಡೂ ತುದಿ ಚೂಪಾದ ಆ ಗೂಡಿನಲ್ಲಿ ಬಿಚ್ಚಲು ಸಿಗುವ ಎಳೆ ಹೆಚ್ಚೆಂದರೆ ಸುಮಾರು 400 ಮೀಟರ್. ಇಂದಿನ ಒಳ್ಳೆಯ ದ್ವಿತಳಿಯ (ಸಹಜವಾಗಿ ವರ್ಷಕ್ಕೆರಡು ಪೀಳಿಗೆಯ ಹುಳುವಿನ) ಬಿಳಿ ಗೂಡಿನಲ್ಲಿ ಸುಮಾರು 1,000 ಮೀಟರ್. ಎಂಟು ಗೂಡುಗಳನ್ನು ಕೂಡಿಸಿ ಒಂದು ನೂಲು ತೆಗೆಯುತ್ತೇವೆ ಎಂದುಕೊಳ್ಳಿ. ಒಂದು ಕಿಲೋಮೀಟರ್ ನೂಲು ಆಗುವಷ್ಟರಲ್ಲಿ ನಾಡತಳಿಯ 20 ಗೂಡುಗಳು ಬಿಚ್ಚಿ ಮುಗಿಯುತ್ತವೆ. ದ್ವಿತಳಿಯದಾದರೆ ಎಂಟೇ ಸಾಕು. ನಡುವೆ ತುಂಡಾಗುವ ಎಳೆಗಳನ್ನು ಸೇರಿಸಿದರೆ ಈ ಅಂತರ ಇನ್ನೂ ಹಿಗ್ಗುತ್ತದೆ. ಒಂದು ಕೆ.ಜಿ. ನೂಲಿಗೆ ನಾಡತಳಿಯ ಗೂಡು ಹತ್ತು ಕೆ.ಜಿ.ಗಿಂತ ಹೆಚ್ಚು ಬೇಕಿದ್ದರೆ, ದ್ವಿತಳಿಯದು ಆರು ಕೆ.ಜಿ. ಆಸುಪಾಸಿನಲ್ಲಿ ಮುಗಿಯುತ್ತದೆ. ಸ್ವಯಂಚಾಲಿತ ಯಂತ್ರದೊಳಗೆ ಆಗುವುದನ್ನು ಇದರ ಪಕ್ಕಕ್ಕಿಟ್ಟು ನೋಡಿ. ಅಲ್ಲಿ ಪ್ರತಿ ನೂಲಿನ ದಾರಿಯಲ್ಲೂ ಪುಟ್ಟ ಗಾಜಿನ ಬಿಲ್ಲೆಗಳ ನಡುವೆ ನೂಲಿನ ದಪ್ಪಕ್ಕೆ ತಕ್ಕಷ್ಟೇ ಸಂದು ಬಿಟ್ಟಿರುತ್ತಾರೆ. ನೂಲು ಅದರೊಳಗೆ ಉಜ್ಜಿಕೊಂಡು ಹಾಯುತ್ತದೆ. ದಪ್ಪ ಸರಿಯಿರುವವರೆಗೆ ಉಜ್ಜುವ ಎಳೆತಕ್ಕೆ ಆ ಸಾಧನ ಮೇಲೆದ್ದು ನಿಂತಿರುತ್ತದೆ. ನೂಲು ಸಣಕಲಾದರೆ ಎಳೆತ ಸಡಿಲಿ ಕೆಳಕ್ಕಿಳಿಯುತ್ತದೆ, ಇಳಿದೊಡನೆ ಒಂದು ಸನ್ನೆ ಕದಲುತ್ತದೆ, ಸಾಲಿನುದ್ದಕ್ಕೂ ಸುತ್ತುತ್ತಿರುವ ಗೂಡಿನ ಬುಟ್ಟಿ ಅಲ್ಲಿ ಹಾದುಹೋಗುವಾಗ ಒಂದು ಗೂಡನ್ನು ಬಾಣಲೆಗೆ ಬೀಳಿಸುತ್ತದೆ. ಇಷ್ಟೇ ಅದರ ಬುದ್ಧಿ. ನೂಲು ತೆಳುವಾಯಿತು ಎಂಬುದು ಅದಕ್ಕೆ ಗೊತ್ತು, ಏಕೆ ತೆಳುವಾಯಿತು ಎಂಬುದು ಗೊತ್ತಿಲ್ಲ. ಗೂಡು ಜೊಳ್ಳಾಗಿದೆಯೇ, ಬೇಯುವುದು ಹೆಚ್ಚಾಯಿತೇ, ತುದಿ ಸಿಕ್ಕಿಲ್ಲವೇ ಎಂದು ತೂಗಿ ನೋಡುವ ಶಕ್ತಿ ಅದಕ್ಕಿಲ್ಲ. ಎಲ್ಲ ಗೂಡುಗಳೂ ಒಂದೇ ಗಾತ್ರದವು, ಒಂದೇ ಹದದಲ್ಲಿ ಬೆಂದಿವೆ, ಎಲ್ಲದರ ತುದಿಯೂ ಸಿಗುತ್ತದೆ ಎಂದು ನಂಬಿಯೇ ಅದನ್ನು ಕಟ್ಟಿದ್ದಾರೆ. ಈ ನಂಬಿಕೆ ಸುಳ್ಳಾದ ಕಡೆ 400 ನೂಲುಗಳೂ ಒಂದರ ಹಿಂದೆ ಒಂದು ನಿಲ್ಲುತ್ತವೆ, ಅವನ್ನು ಮತ್ತೆ ಹೂಡಲು ಚರಕಕ್ಕಿಂತ ಹೆಚ್ಚು ಕೈಗಳು ಬೇಕಾಗುತ್ತವೆ.

ಮೈಸೂರಿನ ರೇಷ್ಮೆ ಚರಿತ್ರೆ ಮೊದಲಿನಿಂದಲೂ ಹುಳುವಿನ ಚರಿತ್ರೆಯೇ. ಟಿಪ್ಪು ಸುಲ್ತಾನ್ 1780ರ ದಶಕದಲ್ಲಿ ಬಂಗಾಳಕ್ಕೆ ಜನರನ್ನು ಕಳಿಸಿ ಹುಳು ತರಿಸಿದ್ದು, ಅದನ್ನು ರಾಜ್ಯದ 21 ಕಡೆ ಸಾಕಲು ಏರ್ಪಾಟು ಮಾಡಿದ್ದು ಅವನ ಪತ್ರಗಳಿಂದ ತಿಳಿಯುತ್ತದೆ. 19ನೆಯ ಶತಮಾನದ ನಡುವಿನಲ್ಲಿ ಪೆಬ್ರೈನ್ ರೋಗ ಯುರೋಪಿನ ಹುಳುಗಳನ್ನು ಗುಡಿಸಿ ಹಾಕಿದಾಗ ಇಟಲಿಯ ವ್ಯಾಪಾರಿಗಳು ರೋಗವಿಲ್ಲದ ಮೊಟ್ಟೆ ಅರಸಿ ಪೂರ್ವದ ದೇಶಗಳನ್ನೆಲ್ಲ ಸುತ್ತಿದರು. ಮೈಸೂರಿನ ಹುಳುಗಳೂ ಆ ಹೊತ್ತಿಗೆ ರೋಗಕ್ಕೆ ಸಿಕ್ಕಿ ಕಸುಬು ಕುಸಿದಿತ್ತು. ಡಿ ವೆಕ್ಕಿ ಎಂಬ ಇಟಲಿಯವರು 1860ರ ದಶಕದಲ್ಲಿ ಬೆಂಗಳೂರಿನಲ್ಲಿ ನಿಂತು, ಜಪಾನಿನ ಮೊಟ್ಟೆ ತರಿಸಿ ಕಸುಬನ್ನು ಮತ್ತೆ ಎತ್ತಿ ನಿಲ್ಲಿಸಲು ಹೆಣಗಿದರು. ಆ ಹುಳು ಇಲ್ಲಿನ ಸೆಕೆಗೆ ಹೊಂದಿಕೊಳ್ಳಲಿಲ್ಲ. 1890ರ ದಶಕದ ಕೊನೆಯಲ್ಲಿ ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನ ಬಸವನಗುಡಿಯ ಬಳಿ ಜಪಾನಿ ಪರಿಣತರನ್ನು ಕರೆಸಿ ರೇಷ್ಮೆ ತೋಟ ಹೂಡಿದರು. ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಬಡಾವಣೆಯ ಹೆಸರು ಅಲ್ಲಿ ಇಂದಿಗೂ ಉಳಿದಿದೆ. ಹುಳು ಸಾಕುವುದು, ಮೊಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು, ಜಪಾನಿ ಬಗೆಯಲ್ಲಿ ನೂಲು ತೆಗೆಯುವುದು ಎಲ್ಲವನ್ನೂ ಒಂದೇ ಬೇಲಿಯೊಳಗೆ ಕಲಿಸುವ ಆ ಕ್ರಮದಲ್ಲಿ ದೂರದೃಷ್ಟಿಯಿತ್ತು. ನೂಲಿನ ಗುಣ ಮೊಟ್ಟೆಯಿಂದಲೇ ಹುಟ್ಟುತ್ತದೆ ಎಂಬ ಅರಿವಿಲ್ಲದವರು ಅಂಥ ತೋಟ ಮಾಡುವುದಿಲ್ಲ. ಆದರೆ ಒಂದು ತೋಟ ಸಾವಿರಾರು ಹಳ್ಳಿಗಳ ಹುಳುವನ್ನು ಬದಲಿಸಲಾರದು. ಅದಕ್ಕೆ ರಾಜ್ಯದ ಕೈ ಬೇಕಿತ್ತು.

ಆ ಕೈ ಚಾಚಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. 1912ರಲ್ಲಿ ಮೈಸೂರಿನ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ ವಿದೇಶಿ ವಿದ್ಯುತ್ ಮಗ್ಗಗಳೊಂದಿಗೆ ಶುರುವಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ವರ್ಷಗಳಲ್ಲೇ ರೇಷ್ಮೆಗೆ ಪ್ರತ್ಯೇಕ ಇಲಾಖೆ ಬಂತು, ವಾಷಿಂಗ್ಟನ್ ಮಾರಿ ಎಂಬ ಇಟಲಿಯ ಪರಿಣತರನ್ನು ಕರೆಸಲಾಯಿತು, ಚನ್ನಪಟ್ಟಣದಲ್ಲಿ ಸರ್ಕಾರಿ ಬಿತ್ತನೆ ಕ್ಷೇತ್ರ ತೆರೆಯಿತು. ‘ಕೆಲವು ನೆನಪುಗಳು’ ಬರೆದ ನವರತ್ನ ರಾಮರಾಯರು ಆ ಇಲಾಖೆಯ ಹೊಣೆ ಹೊತ್ತು ದುಡಿದವರು. 1920ರ ದಶಕದ ಹೊತ್ತಿಗೆ ಇವರೆಲ್ಲರ ದುಡಿಮೆಯ ಫಲವಾಗಿ ಮಿಶ್ರತಳಿ ಬಂತು. ತಾಯಿ ಮೈಸೂರಿನ ನಾಡಹುಳು, ತಂದೆ ಹೊರದೇಶದ ದ್ವಿತಳಿ. ಮಗುವಿಗೆ ತಾಯಿಯ ಗಟ್ಟಿತನವೂ ತಂದೆಯ ಎಳೆಯ ಉದ್ದವೂ ಸ್ವಲ್ಪ ಸ್ವಲ್ಪ ಬಂದವು. ಕುಣಿಗಲ್, ಮಾಗಡಿ ಸೀಮೆಯ ರೈತರು ಬಿತ್ತನೆಗಾಗಿ ಶುದ್ಧ ಮೈಸೂರು ತಳಿಯನ್ನೇ ಕಾಪಾಡಿಕೊಂಡು ಬಂದರು, ಮಿಕ್ಕ ಕಡೆ ಮಿಶ್ರತಳಿ ಹರಡಿತು. ಬಡ ರೈತನ ಮನೆಯ ಸೆಕೆ, ಧೂಳು, ಏರಿಳಿಯುವ ತೇವ ಎಲ್ಲವನ್ನೂ ತಾಳಿಕೊಂಡು ವರ್ಷಕ್ಕೆ ಐದಾರು ಬೆಳೆ ಕೊಡುವ ಹುಳು ಅದು. ಲಕ್ಷಾಂತರ ಕುಟುಂಬಗಳ ಕೈಗೆ ವರ್ಷದುದ್ದಕ್ಕೂ ರೊಕ್ಕ ತಂದದ್ದು ಆ ಮಿಶ್ರತಳಿಯೇ. ಆದರೂ ಯಂತ್ರದ ಲೆಕ್ಕದಲ್ಲಿ ಅದು ಅರ್ಧ ದಾರಿ. ಚರಕದಿಂದ ಕಾಟೇಜ್ ಬೇಸಿನ್ನಿಗೆ ಏರಲು ಅದು ಸಾಕಾಯಿತು; ಗೂಡನ್ನು ಬೇರೆ ಬೇಯಿಸಿ, ಆರು ನೂಲುಗಳನ್ನು ವಿದ್ಯುತ್ತಿನಿಂದ ಸುತ್ತಬಹುದಾಯಿತು. ಎಸೆಯುವ ಕೈಯನ್ನು ತೆಗೆದುಹಾಕುವಷ್ಟು ಏಕರೂಪತೆ ಮಾತ್ರ ಆ ಗೂಡಿಗೆ ಬರಲಿಲ್ಲ.

ಇದೇ ಹಾದಿಯನ್ನು ಜಪಾನ್ ಹೇಗೆ ನಡೆಯಿತು ಎಂದು ನೋಡಿದರೆ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. 1872ರಲ್ಲಿ ಫ್ರೆಂಚ್ ಪರಿಣತ ಪಾಲ್ ಬ್ರುನಾ ಅವರ ಮಾರ್ಗದರ್ಶನದಲ್ಲಿ ಜಪಾನ್ ಸರ್ಕಾರ ತೊಮಿಯೊಕಾದಲ್ಲಿ 300 ಬಾಣಲೆಗಳ ಉಗಿ ಕಾರ್ಖಾನೆ ಕಟ್ಟಿತು. ಕಟ್ಟಡ, ಯಂತ್ರ, ಶಿಸ್ತು ಎಲ್ಲವೂ ಯುರೋಪಿನ ಮಟ್ಟದ್ದು. ಹಾಗಿದ್ದೂ ನೂಲಿನ ಏಕರೂಪತೆಯ ಸಮಸ್ಯೆ ಅಲ್ಲಿಯೂ ಬಹುಕಾಲ ತೀರಲಿಲ್ಲ, ಏಕೆಂದರೆ ಊರಿಗೊಂದು ತಳಿಯ ಹುಳುವಿತ್ತು. ಗಂಟು ಬಿಚ್ಚಿದವರು ತಳಿಶಾಸ್ತ್ರಜ್ಞ ತೊಯಾಮ ಕಮೆತಾರೊ. ಸಿಯಾಂನ ಹಳದಿ ಗೂಡಿನ ಹುಳುವನ್ನೂ ಜಪಾನಿನ ಬಿಳಿ ಗೂಡಿನ ಹುಳುವನ್ನೂ ಬೆರೆಸಿ, ಮೆಂಡೆಲನ ನಿಯಮ ಹುಳುವಿನಲ್ಲೂ ನಡೆಯುತ್ತದೆ ಎಂದು ಅವರು 1906ರಲ್ಲಿ ತೋರಿಸಿದರು. ಮೊದಲ ಪೀಳಿಗೆಯ ಮಿಶ್ರ ಹುಳುಗಳು ಒಂದರಂತೆ ಒಂದು ಇರುತ್ತವೆ, ಅವನ್ನೇ ರೈತರಿಗೆ ಹಂಚಬೇಕು ಎಂದರು. 1914ರಿಂದ ಸರ್ಕಾರಿ ಸಂಸ್ಥೆಯೂ ಕಟಕುರದಂಥ ದೊಡ್ಡ ಕಂಪನಿಗಳೂ ಆ ಮೊಟ್ಟೆಗಳನ್ನು ಹಂಚತೊಡಗಿದವು. ಒಂದೂವರೆ ದಶಕದಲ್ಲಿ ದೇಶದ ಹುಳುಗಳೆಲ್ಲ ಬಹುಮಟ್ಟಿಗೆ ಬದಲಾದವು. ಅದಾದ ಮೇಲೆ ಬಹುನೂಲಿನ ಯಂತ್ರ ಹರಡಿತು, ಅದರ ಮೇಲೆ 1950ರ ದಶಕದಲ್ಲಿ ಸ್ವಯಂಚಾಲಿತ ಯಂತ್ರ ಬಂತು. ತೊಮಿಯೊಕಾದಲ್ಲಿ ಇಂದು ನೋಡಲು ಸಿಗುವುದು ನಿಸ್ಸಾನ್ ಕಂಪನಿಯ ಅಂಥ ಯಂತ್ರಗಳೇ. 1987ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಅವು ಓಡಿದವು. ಮೊದಲು ಹುಳು, ಆಮೇಲೆ ಯಂತ್ರ ಎಂಬ ಕ್ರಮ ಅಲ್ಲಿ ನಿಚ್ಚಳವಾಗಿದೆ. ಗಮನಿಸಬೇಕಾದ ವ್ಯತ್ಯಾಸವೆಂದರೆ, ಜಪಾನಿನಲ್ಲಿ ತಾಯಿ ತಂದೆ ಎರಡೂ ತಂಪು ಹವೆಯ, ಉದ್ದನೆಯ ಎಳೆಯ ತಳಿಗಳು. ಮೈಸೂರಿನಲ್ಲಿ ತಾಯಿಯನ್ನು ಬಿಡುವ ಹಾಗಿರಲಿಲ್ಲ. ಬಿಟ್ಟಿದ್ದರೆ ಏಪ್ರಿಲ್ ತಿಂಗಳ ಸೆಕೆಯಲ್ಲಿ ಹುಳುವೇ ಉಳಿಯುತ್ತಿರಲಿಲ್ಲ.

1930ರ ದಶಕ ಈ ಸಂಕಟವನ್ನು ಬಯಲಿಗೆ ತಂದಿತು. ಜಗತ್ತಿನ ಆರ್ಥಿಕ ಕುಸಿತದ ನಡುವೆ ಜಪಾನ್ ಮತ್ತು ಚೀನಾದ ಅಗ್ಗದ ನೂಲು ಭಾರತಕ್ಕೆ ನುಗ್ಗಿತು. ಸುಂಕ ಮಂಡಳಿ 1933ರಲ್ಲಿ ರೇಷ್ಮೆ ಕಸುಬಿನ ವಿಚಾರಣೆ ನಡೆಸಿತು, ಮರುವರ್ಷ ರಕ್ಷಣಾ ಸುಂಕ ಬಂತು. ಆ ನೆರಳಿನಲ್ಲಿ ತಿರುಮಕೂಡಲು ನರಸೀಪುರದ ಫಿಲೇಚರ್‌ನಂಥ ನೂಲು ತೆಗೆಯುವ ಕಾರ್ಖಾನೆಗಳು ಎದ್ದವು. 1941ರಲ್ಲಿ ಜಪಾನ್ ಯುದ್ಧಕ್ಕಿಳಿದು ಅಲ್ಲಿಂದ ನೂಲು ಬರುವುದು ನಿಂತಾಗ ಪ್ಯಾರಾಚೂಟಿನ ಬಟ್ಟೆಗಾಗಿ ಮೈಸೂರಿನ ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಹುಟ್ಟಿತು. ಆಕಾಶದಲ್ಲಿ ಒಬ್ಬನ ಜೀವ ಹೊರುವ ಬಟ್ಟೆಗೆ ಚರಕದ ಏರುಪೇರಿನ ನೂಲು ಆಗುವುದಿಲ್ಲ. ಫಿಲೇಚರ್ ನೂಲೇ ಬೇಕು. ಸರ್ಕಾರ ಹಣ ಸುರಿಯಿತು, ಬಾಣಲೆಗಳು ಹೆಚ್ಚಿದವು. ಬೆಲೆಯ ಗೊಡವೆಯಿಲ್ಲದೆ ಒಳ್ಳೆಯ ಗೂಡನ್ನು ಆರಿಸಿ, ಮಿಕ್ಕದ್ದನ್ನು ಬದಿಗಿಟ್ಟು ನೂಲು ತೆಗೆಯಲು ಯುದ್ಧಕಾಲದಲ್ಲಿ ಸಾಧ್ಯವಾಯಿತು. ಯುದ್ಧ ಮುಗಿದು ಬೆಲೆ ಮತ್ತೆ ಮುಖ್ಯವಾದಾಗ ಅವೇ ಫಿಲೇಚರ್‌ಗಳು ನಷ್ಟಕ್ಕೆ ಬಿದ್ದವು. ಅದೇ ಮಾರುಕಟ್ಟೆಯ ಅದೇ ಗೂಡನ್ನು ಕೊಂಡ ಚರಕದವನು ಮಾತ್ರ ಬದುಕಿದ. ಕಾರಣ ಸರಳವಾಗಿದೆ. ಏರುಪೇರಿನ ಗೂಡನ್ನು ಕಣ್ಣು-ಕೈಗಳ ಹೊಂದಾಣಿಕೆಯಿಂದ ನೂಲಾಗಿಸುವುದು ಚರಕದವನಿಗೆ ಗೊತ್ತಿತ್ತು. ಉತ್ತಮ ಯಂತ್ರವಿದ್ದವನು ಅದೇ ಗೂಡಿನಲ್ಲಿ ಯಂತ್ರ ನಿಲ್ಲಿಸಿ ಕಾಯಬೇಕಾಗಿತ್ತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಚರಕದವನು ಬದುಕಿದ್ದು ಕೌಶಲದಿಂದಲ್ಲ, ಕೂಲಿಯ ಅಗ್ಗದಿಂದ ಎಂದು ಯಾರಾದರೂ ಹೇಳಬಹುದು. ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಚಕ್ರ ತಿರುಗಿಸಿದ ಕೈಗಳು ಎಷ್ಟೋ ಕಡೆ ಮಕ್ಕಳವು. ಕುದಿನೀರಿಗೆ ಬೆರಳದ್ದಿ ಬೊಬ್ಬೆಯೆದ್ದ ಮಕ್ಕಳು, ಮುಂಗಡ ಹಣಕ್ಕೆ ಮನೆಯವರು ಒತ್ತೆಯಿಟ್ಟ ಮಕ್ಕಳು ಈ ಕಸುಬಿನಲ್ಲಿದ್ದರು ಎಂಬುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ತನ್ನ ವರದಿಯಲ್ಲಿ ದಾಖಲಿಸಿತು. ಮೈಸೂರು ರೇಷ್ಮೆಯ ಹೊಳಪನ್ನು ಹೊಗಳುವವರು ಈ ಪುಟವನ್ನು ಹಾರಿಸಿ ಓದಬಾರದು. ಕೂಲಿ ದುಬಾರಿಯಾಗಿದ್ದರೆ ಸುಧಾರಣೆಯ ಒತ್ತಡ ಬೇಗ ಹುಟ್ಟುತ್ತಿತ್ತು ಎಂಬುದೂ ನಿಜ. ಆದರೆ ಅಗ್ಗದ ಕೂಲಿಯೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ಅದೊಂದೇ ಕಾರಣವಾಗಿದ್ದರೆ ಬಂಡವಾಳಕ್ಕೆ ಕೊರತೆಯಿಲ್ಲದ, ನಷ್ಟವನ್ನು ತಾಳಬಲ್ಲ ಸರ್ಕಾರಿ ಫಿಲೇಚರ್‌ಗಳಾದರೂ ಜಪಾನಿನ ಮಟ್ಟದ ನೂಲನ್ನು ಸಲೀಸಾಗಿ ತೆಗೆದು ತೋರಿಸಬೇಕಿತ್ತು. ಮಿಶ್ರತಳಿಯ ಗೂಡಿನಿಂದ ಅದು ಆಗಲಿಲ್ಲ. ರೀಲರ್‌ಗಳು ಹೊಸದನ್ನು ಒಲ್ಲದವರಾಗಿದ್ದರು ಎಂಬ ಮಾತೂ ನಿಲ್ಲುವುದಿಲ್ಲ. ರಾಮನಗರ, ಚನ್ನಪಟ್ಟಣ, ಶಿಡ್ಲಘಟ್ಟಗಳಲ್ಲಿ ಈ ಕಸುಬು ನಡೆಸಿಕೊಂಡು ಬಂದವರಲ್ಲಿ ಬಹಳಷ್ಟು ಮಂದಿ ಸಣ್ಣ ಬಂಡವಾಳದ ಮುಸ್ಲಿಂ ಕುಟುಂಬಗಳವರು. ಗೂಡು ಅನುಕೂಲಿಸಿದಾಗಲೆಲ್ಲ ಅವರು ಚರಕದಿಂದ ಕಾಟೇಜ್ ಬೇಸಿನ್ನಿಗೆ, ಅಲ್ಲಿಂದ ಹತ್ತು ನೂಲಿನ ಮಲ್ಟಿ-ಎಂಡ್ ಯಂತ್ರಕ್ಕೆ ಏರಿದ್ದಾರೆ.

ಎರಡನೆಯ ಆಕ್ಷೇಪ ನೇಕಾರರ ಕಡೆಯದು. ಕೈಮಗ್ಗಕ್ಕೆ ಏಕರೂಪದ ನೂಲು ಏಕೆ ಬೇಕು, ಚರಕದ ನೂಲಿನ ಏರುಪೇರೇ ಸೀರೆಗೆ ಮೈತುಂಬುವ ಗುಣ ಕೊಡುತ್ತದಲ್ಲ ಎಂಬ ವಾದವಿದೆ. ಉದ್ದೆಳೆಯಾದ ಹಾಸಿಗೆ ಬಿಗಿಯಾದ ನೂಲು ಬೇಕು, ಅಡ್ಡೆಳೆಯಾದ ಹೊಕ್ಕಿಗೆ ಒರಟು ನೂಲಾದರೂ ನಡೆಯುತ್ತದೆ ಎಂಬುದು ಮಗ್ಗ ಬಲ್ಲವರಿಗೆಲ್ಲ ಗೊತ್ತು. ಭಾರತದ ಕೈಮಗ್ಗಗಳು ಕೊಳ್ಳುತ್ತಿದ್ದುದರಿಂದಲೇ ಚರಕದ ನೂಲು ಇಷ್ಟು ಕಾಲ ಬಾಳಿತು ಎಂಬ ಮಟ್ಟಿಗೆ ಈ ಆಕ್ಷೇಪ ಸರಿ. ಆದರೆ ಮಾರುಕಟ್ಟೆ ಆ ಗುಣವನ್ನು ಬಯಸಿ ಆರಿಸಿಕೊಂಡಿತು ಎನ್ನಲು ಬರುವುದಿಲ್ಲ. ಆಯ್ಕೆ ಸಿಕ್ಕಾಗ ನೇಕಾರರು ಏನು ಮಾಡಿದರು ಎಂಬುದೇ ಇದಕ್ಕೆ ಸಾಕ್ಷಿ. 1990ರ ದಶಕದ ಕೊನೆಯಿಂದ ಚೀನಾದ ಏಕರೂಪದ ನೂಲು ಬಂದೊಡನೆ ವಾರಾಣಸಿಯಂಥ ಕೇಂದ್ರಗಳು ಹಾಸಿಗೆ ಅದನ್ನು ಹಿಡಿದವು, ಕರ್ನಾಟಕದ ನೂಲು ಹೊಕ್ಕಿಗೆ ಸರಿಯಿತು. 2003ರಲ್ಲಿ ಚೀನಾದ ಕಚ್ಚಾ ರೇಷ್ಮೆಯ ಮೇಲೆ ಸುರಿಮಾರಾಟ ತಡೆ ಸುಂಕ ಹೇರಬೇಕಾಗಿ ಬಂದದ್ದು ಬೆಲೆಯ ಜಗಳವಷ್ಟೇ ಆಗಿರಲಿಲ್ಲ, ಗುಣದ ಜಗಳವೂ ಆಗಿತ್ತು. ನೂಲು ತುಂಡಾಗದೆ ಓಡಿದರೆ ದಿನದ ಕೊನೆಗೆ ಒಂದು ಮೊಳ ಹೆಚ್ಚು ನೇಯಬಹುದು ಎಂಬ ಲೆಕ್ಕ ಕೈಮಗ್ಗದವನಿಗೂ ಗೊತ್ತಿದೆ.

ಮೂರನೆಯ ಆಕ್ಷೇಪವೇ ಹೆಚ್ಚು ತೂಕದ್ದು. ಗೂಡೊಂದು ಸರಿಯಿದ್ದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆಯೇ? ಬರುವುದಿಲ್ಲ, ಅದಕ್ಕೆ ಕಾಶ್ಮೀರ ಸಾಕ್ಷಿ. ಅಲ್ಲಿನ ತಂಪು ಹವೆಯಲ್ಲಿ ವರ್ಷಕ್ಕೊಂದೇ ಬೆಳೆ ಕೊಡುವ, ಉದ್ದನೆಯ ಎಳೆಯ ಗೂಡು ಬೆಳೆಯುತ್ತಿತ್ತು. 1897ರಲ್ಲಿ ಥಾಮಸ್ ವಾರ್ಡಲ್ ಅವರ ಸಲಹೆಯಂತೆ ರಾಜ್ಯವೇ ಶ್ರೀನಗರದಲ್ಲಿ ದೊಡ್ಡ ಫಿಲೇಚರ್ ಕಟ್ಟಿತು. ಗೂಡೂ ಒಳ್ಳೆಯದು, ಯಂತ್ರವೂ ಒಳ್ಳೆಯದು. ಆದರೆ ಗೂಡಿಗೆ ಒಬ್ಬನೇ ಗಿರಾಕಿ, ಅದು ರಾಜ್ಯ. ಬೆಲೆ ಕಟ್ಟುವುದೂ ಕೂಲಿ ನಿಗದಿ ಮಾಡುವುದೂ ಅದೇ. 1924ರಲ್ಲಿ ಆ ಕಾರ್ಖಾನೆಯ ಕೆಲಸಗಾರರು ಬೀದಿಗಿಳಿದರು. ಬೆಳೆಗಾರನಿಗೂ ಕೆಲಸಗಾರನಿಗೂ ನ್ಯಾಯದ ಪಾಲು ಸಿಗದ ಕಡೆ ಒಳ್ಳೆಯ ಗೂಡೂ ಒಳ್ಳೆಯ ಯಂತ್ರವೂ ಕೂಡಿ ಕಸುಬನ್ನು ಬೆಳೆಸಲಾರವು. ಹಾಗಾಗಿ ಏಕರೂಪದ ಗೂಡು ಸ್ವಯಂಚಾಲನೆಗೆ ಬೇಕೇಬೇಕಾದದ್ದು, ಅದೊಂದೇ ಸಾಕಾಗುವಂಥದ್ದಲ್ಲ ಎಂದು ವಾದವನ್ನು ತಿದ್ದಿಕೊಳ್ಳಬೇಕು. ಮೈಸೂರು ಕಾಶ್ಮೀರದ ದಾರಿ ಹಿಡಿಯಲಿಲ್ಲ ಎಂಬುದು ಇಲ್ಲಿ ಮುಖ್ಯ. 1959ರ ಕಾಯ್ದೆಯ ಆಸರೆಯಲ್ಲಿ ಗೂಡನ್ನು ಸರ್ಕಾರಿ ಮಾರುಕಟ್ಟೆಗೆ ತಂದು ಬಹಿರಂಗ ಹರಾಜಿನಲ್ಲೇ ಮಾರುವ ಪದ್ಧತಿ ಇಲ್ಲಿ ಬೆಳೆಯಿತು. ದಲ್ಲಾಳಿಯ ಮನೆ ಬಾಗಿಲಲ್ಲಿ ಸಾಲದ ಮುಲಾಜಿಗೆ ಗೂಡು ಕೊಡುತ್ತಿದ್ದ ರೈತನಿಗೆ ಇದರಿಂದ ಬೆಲೆಯ ಮೇಲೆ ಒಂದಿಷ್ಟು ಹಿಡಿತ ಸಿಕ್ಕಿತು. ಅನೇಕ ರೀಲರ್‌ಗಳು ಒಂದೇ ಗೂಡಿಗೆ ಪೈಪೋಟಿ ಮಾಡುವ ಈ ವ್ಯವಸ್ಥೆಯಿಂದಲೇ ಮುಂದೆ ದ್ವಿತಳಿ ಗೂಡಿಗೆ ಹೆಚ್ಚಿನ ಬೆಲೆ ಹುಟ್ಟಲು ಸಾಧ್ಯವಾಯಿತು.

ಆ ದ್ವಿತಳಿ ಬಂದ ಬಗೆಯನ್ನು ವಿವರವಾಗಿ ಹೇಳಬೇಕು, ಏಕೆಂದರೆ ಯಂತ್ರದ ನಿಜವಾದ ತಯಾರಿ ನಡೆದದ್ದು ಅಲ್ಲಿ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1970ರ ದಶಕದಿಂದಲೇ ದ್ವಿತಳಿಗಳನ್ನು ರೂಪಿಸುತ್ತಿತ್ತು. 1980ರಲ್ಲಿ ವಿಶ್ವಬ್ಯಾಂಕಿನ ನೆರವಿನ ರೇಷ್ಮೆ ಯೋಜನೆ ಬಂತು. ಅದೇ ವರ್ಷ ಊಜಿ ನೊಣವೂ ಬಂದು ಹುಳುಮನೆಗಳನ್ನು ಕಾಡಿತು. ನಿರ್ಣಾಯಕ ತಿರುವು 1991ರಲ್ಲಿ ಆರಂಭವಾಗಿ 2007ರವರೆಗೆ ಮೂರು ಹಂತಗಳಲ್ಲಿ ನಡೆದ ಜಪಾನ್ ಸಹಕಾರದ ಯೋಜನೆ. ಜಪಾನಿ ವಿಜ್ಞಾನಿಗಳೂ ಇಲ್ಲಿನ ವಿಜ್ಞಾನಿಗಳೂ ಕೂಡಿ ಸಿಎಸ್‌ಆರ್ ಸರಣಿಯ ತಳಿಗಳನ್ನು ಹೊರತಂದರು. ಅವುಗಳಲ್ಲಿ ಸಿಎಸ್‌ಆರ್-2, ಸಿಎಸ್‌ಆರ್-4ರ ಜೋಡಿ ಹೆಸರುವಾಸಿ. ತಳಿಯ ಜೊತೆಗೆ ಒಂದು ಇಡೀ ಬೇಸಾಯಕ್ರಮವೇ ಬಂತು. ಹೆಚ್ಚು ಸೊಪ್ಪು ಕೊಡುವ ವಿ-1 ಹಿಪ್ಪುನೇರಳೆ, ವಾಸದ ಮನೆಯಿಂದ ಬೇರೆಯಾದ ಹುಳುಮನೆ, ಪ್ರತಿ ಬೆಳೆಗೂ ಮುಂಚೆ ಬ್ಲೀಚಿಂಗ್ ಪುಡಿ ಹಾಕಿ ಸೋಂಕು ತೊಳೆಯುವುದು, ಎರಡನೇ ಜ್ವರ (ಪೊರೆ ಕಳಚುವ ಹಂತ) ಕಳೆಯುವವರೆಗೆ ಮರಿಹುಳುವನ್ನು ಚಾಕಿ ಕೇಂದ್ರದಲ್ಲೇ ಸಾಕಿ ಆಮೇಲೆ ರೈತರಿಗೆ ಕೊಡುವುದು, ಎಲೆ ಬಿಡಿಸುವ ಬದಲು ಕಡ್ಡಿ ಸಮೇತ ಸೊಪ್ಪು ಹಾಕುವುದು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಯ ಬದಲು ಮಡಚುವ ಪ್ಲಾಸ್ಟಿಕ್ ಚಂದ್ರಂಕಿ. ಹಣ್ಣಾದ ಹುಳುಗಳು ಒಂದೇ ದಿನ, ಒಂದೇ ಬಗೆಯ ಜಾಗದಲ್ಲಿ, ಒಂದೇ ಹದದ ಹವೆಯಲ್ಲಿ ಗೂಡು ಕಟ್ಟಬೇಕು ಎಂಬುದೇ ಇದೆಲ್ಲದರ ಗುರಿ. ಕಾರ್ಖಾನೆಯ ಶಿಸ್ತು ಕಾರ್ಖಾನೆಗಿಂತ ಮೊದಲು ಹಳ್ಳಿಯ ಹುಳುಮನೆಗೆ ಬಂತು. ಆ ಬಿಳಿ ಗೂಡು ಮಾರುಕಟ್ಟೆಗೆ ದಂಡಿಯಾಗಿ ಬರತೊಡಗಿದ ಮೇಲೆಯೇ ಸ್ವಯಂಚಾಲಿತ ಯಂತ್ರ ತರಿಸಲು ರೀಲರ್‌ಗೆ ಧೈರ್ಯ ಬಂದದ್ದು, ಸರ್ಕಾರದ ಸಹಾಯಧನಕ್ಕೆ ಅರ್ಥ ಬಂದದ್ದು. ಜಪಾನಿನಲ್ಲಿ ಹುಳು ಬದಲಾಗಿ ನಾಲ್ಕು ದಶಕಕ್ಕೆ ಯಂತ್ರ ಬಂತು, ಇಲ್ಲಿ ಸುಮಾರು ಎರಡು ದಶಕಕ್ಕೆ. ಕ್ರಮ ಮಾತ್ರ ಎರಡೂ ಕಡೆ ಒಂದೇ.

ಈ ಶಿಸ್ತಿನ ವೆಚ್ಚ ಯಾರ ಲೆಕ್ಕಕ್ಕೆ ಬಿತ್ತು? ಹುಳುಮನೆ ಕಟ್ಟಿದವನು ರೈತ. ಬೇಸಿಗೆಯಲ್ಲಿ ಗೋಣಿ ತಟ್ಟು ನೆನೆಸಿ, ಚಳಿಗಾಲದಲ್ಲಿ ಒಲೆ ಹೊತ್ತಿಸಿ ಹುಳುವಿಗೆ 25 ಡಿಗ್ರಿ ಆಸುಪಾಸಿನ ಹವೆ ಕಾಪಾಡಲು ನಿದ್ದೆಗೆಟ್ಟವರು ಅವನೂ ಅವನ ಮನೆಯ ಹೆಂಗಸರೂ. ಮಿಶ್ರತಳಿ ಹುಳು ತಾಳಿಕೊಳ್ಳುತ್ತಿದ್ದ ಅಪಾಯವನ್ನು ಈಗ ರೈತ ತಾಳಿಕೊಳ್ಳಬೇಕಾಗಿದೆ; ಹಾಲುತೊಂಡೆ ರೋಗ ತಗುಲಿ ಒಂದು ಬೆಳೆ ಹೋದರೆ ಆ ತಿಂಗಳ ಸಂಪಾದನೆ ಪೂರ್ತಿ ಹೋದಂತೆ. ಕರ್ನಾಟಕದ ಎಷ್ಟೋ ರೈತರು ಇಂದಿಗೂ, ಅದರಲ್ಲೂ ಬೇಸಿಗೆಯಲ್ಲಿ, ಮಿಶ್ರತಳಿಯನ್ನು ಬಿಡದಿರುವುದು ಹಿಂದುಳಿದಿರುವಿಕೆಯಲ್ಲ, ಅನುಭವದ ಲೆಕ್ಕಾಚಾರ. ಇನ್ನು ಬೆಲೆ ಅವನ ಕೈಯಲ್ಲಿಲ್ಲ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ ಶೇ. 5ಕ್ಕೆ ಇಳಿದಾಗ ಗೂಡಿನ ಬೆಲೆ ಕುಸಿದು ಬೆಳೆಗಾರರು ತತ್ತರಿಸಿದರು. ಗುಣ ಹೆಚ್ಚಿಸಲು ಹೂಡಿದ ಹಣ ವಾಪಸು ಬರುತ್ತದೆ ಎಂಬ ಭರವಸೆಯನ್ನು ಒಂದು ಸಹಿ ಅಳಿಸಿಹಾಕಬಲ್ಲುದು ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಮಾರುಕಟ್ಟೆಯ ಒಳಗೂ ನ್ಯಾಯ ಅಪೂರ್ಣ. ರೀಲರ್ ಗೂಡನ್ನು ಹಿಡಿಯಲ್ಲಿ ಅದುಮಿ, ಕಿವಿಯ ಬಳಿ ಅಲುಗಿಸಿ, ಕಣ್ಣಳತೆಯಲ್ಲಿ ಕೂಗುತ್ತಾನೆ. ಹರಾಜು ಕಂಪ್ಯೂಟರಿಗೆ ಬಂದಿದೆ, ತೂಕ ಎಲೆಕ್ಟ್ರಾನಿಕ್ ಆಗಿದೆ, ಗೂಡಿನ ಗುಣ ಮಾತ್ರ ಇನ್ನೂ ಅಂದಾಜಿನ ಮೇಲೆಯೇ ನಿಂತಿದೆ. ಮಾದರಿ ಗೂಡನ್ನು ಬಿಚ್ಚಿ ನೋಡಿ ಬೆಲೆ ನಿಗದಿ ಮಾಡುವ ಸರ್ಕಾರಿ ಪರೀಕ್ಷಾ ಕೇಂದ್ರಗಳನ್ನು ಜಪಾನ್ ಸ್ವಯಂಚಾಲಿತ ಯಂತ್ರದ ಜೊತೆಜೊತೆಗೇ ನಡೆಸಿತು. ಇಲ್ಲಿ ಯಂತ್ರ ಬಂದರೂ ಆ ಪದ್ಧತಿ ಬೇರೂರಿಲ್ಲ.

ಯಂತ್ರ ಕೆಲಸ ಕಸಿಯುತ್ತದಲ್ಲ ಎಂಬುದು ಕೊನೆಯ ಆಕ್ಷೇಪ. ಕಸಿಯುತ್ತದೆ, ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಹತ್ತಾರು ಬೇಸಿನ್ನುಗಳ ಮುಂದೆ ಕೂತವರ ಕೆಲಸವನ್ನು ಒಂದು ಯಂತ್ರದ ಸಾಲು ಕೆಲವೇ ಮಂದಿಯ ಮೇಲ್ವಿಚಾರಣೆಯಲ್ಲಿ ಮುಗಿಸುತ್ತದೆ, ಅದರಲ್ಲಿ ಹೆಚ್ಚು ಕಳೆದುಕೊಳ್ಳುವವರು ಹೆಂಗಸರು. ಆದರೆ ಹೋಗುತ್ತಿರುವ ಕೆಲಸ ಎಂಥದ್ದು ಎಂಬುದನ್ನೂ ತೂಗಬೇಕು. ಕುದಿನೀರು, ಹೊಗೆ, ಸತ್ತ ಹುಳುವಿನ ನಾತ, ಕೊಳೆತ ಬೆರಳು. ಮಕ್ಕಳನ್ನು ಈ ಕಸುಬಿನಿಂದ ಬಿಡಿಸಲು ಕಾನೂನು ದಶಕಗಳ ಕಾಲ ಮಾಡಲಾರದ್ದನ್ನು ಯಂತ್ರದ ವಿನ್ಯಾಸ ಸದ್ದಿಲ್ಲದೆ ಮಾಡುತ್ತಿದೆ. ಆ ಕೆಲಸ ಉಳಿಯಲಿ ಎಂದು ಹಾರೈಸುವುದು ಅದನ್ನು ಮಾಡದವರಿಗೆ ಸುಲಭ. ಕೆಲಸ ಕಳೆದುಕೊಂಡ ಕುಟುಂಬಕ್ಕೆ ಬೇರೆ ದಾರಿ ಕೊಡಬೇಕು, ಸಣ್ಣ ರೀಲರ್‌ಗಳು ಕೂಡಿ ಒಂದು ಯಂತ್ರ ಹಾಕಿಕೊಳ್ಳುವಂತಾಗಬೇಕು ಎಂದು ಕೇಳುವುದು ನ್ಯಾಯ. ಎಆರ್‌ಎಂನ ಬೆಲೆ ತೆರಬಲ್ಲವರು ಕೆಲವರೇ ಆದರೆ, ಗೂಡಿನ ಹರಾಜಿನಲ್ಲಿ ಕೂಗುವವರೂ ಮುಂದೆ ಕೆಲವರೇ ಆಗಿ ಉಳಿಯುತ್ತಾರೆ. ಒಬ್ಬನೇ ಗಿರಾಕಿಯಿದ್ದ ಕಾಶ್ಮೀರಕ್ಕೆ ಏನಾಯಿತು ಎಂಬುದು ಚರಿತ್ರೆಯಲ್ಲಿದೆ.

ಈ ಚರಿತ್ರೆಯಿಂದ ಸಿಗುವ ತಿಳಿವು ರೇಷ್ಮೆಗೆ ಮಾತ್ರ ಸೀಮಿತವಲ್ಲ. ಯಾವುದೇ ಬೇಸಾಯದ ಬೆಳೆಯನ್ನು ತಾನಾಗಿ ಓಡುವ ಯಂತ್ರಕ್ಕೆ ಹಾಕುವಾಗ, ಯಂತ್ರ ಬಯಸುವ ಏಕರೂಪತೆಯನ್ನು ಹೊಲದಲ್ಲಿ ದುಡಿಯುವವರು ಮೊದಲೇ ತಯಾರಿಸಿ ಕೊಟ್ಟಿರಬೇಕು. ಆ ದುಡಿಮೆ ಯಂತ್ರದ ಬೆಲೆಪಟ್ಟಿಯಲ್ಲಿ ಬರೆದಿರುವುದಿಲ್ಲ, ಹಾಗಾಗಿ ಯೋಜನೆ ಮಾಡುವವರ ಕಣ್ಣಿಗೆ ಬೀಳುವುದಿಲ್ಲ. ಡಿ ವೆಕ್ಕಿಯಿಂದ ಯುದ್ಧಕಾಲದ ಫಿಲೇಚರ್‌ವರೆಗಿನ ಪ್ರಯತ್ನಗಳು ಸೋತದ್ದು ಇಲ್ಲಿಯೇ. ಚಾಕಿ ಕೇಂದ್ರ, ಹುಳುಮನೆ, ಬಹಿರಂಗ ಹರಾಜು ಕೂಡಿ ಬಂದ ಮೇಲೆ ಗೆದ್ದದ್ದೂ ಇಲ್ಲಿಯೇ. ಆದ್ದರಿಂದ ಮುಂದಿನ ಕೆಲಸ ಏನೆಂಬುದು ಸ್ಪಷ್ಟವಾಗಿದೆ. ಪ್ರತಿ ಗೂಡಿನ ಮಾರುಕಟ್ಟೆಯಲ್ಲೂ ಮಾದರಿ ಬಿಚ್ಚಿ ಗುಣ ಅಳೆಯುವ ಪರೀಕ್ಷೆ ಬರಬೇಕು, ಅದರ ಫಲಿತಾಂಶ ಹರಾಜಿಗೆ ಮುಂಚೆ ರೈತನಿಗೂ ರೀಲರ್‌ಗೂ ಒಟ್ಟಿಗೆ ತಿಳಿಯಬೇಕು. ಯಂತ್ರಕ್ಕೆ ಕೊಡುವ ಸಹಾಯಧನಕ್ಕೆ ಸಮನಾಗಿ ಬೆಳೆನಷ್ಟದ ವಿಮೆಗೂ ಹಣ ಎತ್ತಿಡಬೇಕು. ಸುಂಕ ಬದಲಿಸುವ ಮುನ್ನ ಬೆಳೆಗಾರನಿಗೆ ಒಂದೆರಡು ವರ್ಷಗಳ ಮುನ್ಸೂಚನೆ ಸಿಗಬೇಕು. 1,000 ಮೀಟರ್ ಎಳೆ ಕೊಡುವ ಗೂಡಿಗೆ 1,000 ಮೀಟರಿನ ಬೆಲೆ ಸಿಗುತ್ತದೆ ಎಂದು ಖಾತ್ರಿಯಾದ ದಿನ ರೈತ ಆ ಗೂಡನ್ನು ಯಾರ ಒತ್ತಾಯವೂ ಇಲ್ಲದೆ ಬೆಳೆಯುತ್ತಾನೆ. ಯಂತ್ರ ನಿಲ್ಲದೆ ತಿರುಗಲು ಬೇಕಾದದ್ದೂ ಅದೇ.